ಹರಕು ಮತ್ತು ತೇಪೆ

ನಮ್ಮ ಓಲೆಗರಿಯ ಹಸ್ತಪ್ರತಿಗಳ ಕೊನೆಯಲ್ಲಿ ಪ್ರತಿಕಾರನು ಹಲವೊಮ್ಮೆ ತನ್ನದೊಂದು ಮಾತನ್ನು ಸೇರಿಸಿರುತ್ತಾನೆ. ಬರೆದುದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು ಎಂಬುದು ಆ ಮಾತಿನ ತಾತ್ಪರ್ಯ. ಗ್ರಂಥಸಂಪಾದನೆಯ ಕೆಲಸದಲ್ಲಿ ಕಣ್ಣು ಸವೆಸಿದವರಿಗೆ ಆ ವಿನಯದ ಬೆಲೆ ಗೊತ್ತು. ತಪ್ಪಿಲ್ಲದ ಪ್ರತಿ ಎಂಬುದಿಲ್ಲ. ಆದರೆ ತಪ್ಪಿರಬಹುದೆಂದು ಒಪ್ಪಿಕೊಂಡವನ ಪ್ರತಿಯನ್ನು ತಿದ್ದುವುದು ಸುಲಭ. ತಪ್ಪನ್ನು ಮುಚ್ಚಿ ಅಂದಗೊಳಿಸಿದವನ ಪ್ರತಿಯನ್ನು ತಿದ್ದುವುದು ಬಲು ಕಷ್ಟ. ಇಂದು ನಾನು ಹೇಳಹೊರಟಿರುವುದು ಓಲೆಗರಿಯ ವಿಷಯವನ್ನಲ್ಲ, ಗಣಕಯಂತ್ರದ ವಿಷಯವನ್ನು. ಆದರೂ ಅದರ ಅರುವತ್ತು ವರ್ಷಗಳ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಕೊನೆಯ ಗರಿಯೇ.

ಗಣಕಯಂತ್ರವನ್ನು ಬಳಸುವವರು ಕಾಣುವುದು ತೆರೆಯ ಮೇಲಿನ ಅಕ್ಷರಗಳನ್ನು, ಚಿತ್ರಗಳನ್ನು. ಅವುಗಳ ಹಿಂದೆ ನಿಂತು ಎಲ್ಲವನ್ನೂ ನಡೆಸುವ ಕ್ರಮವಿಧಿಗಳ ಸಮೂಹಕ್ಕೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ದೊಡ್ಡ ಛತ್ರವೊಂದರ ಪಾರುಪತ್ತೇಗಾರನನ್ನು ನೆನೆದುಕೊಂಡರೆ ಅದರ ಕೆಲಸ ಅರ್ಥವಾಗುತ್ತದೆ. ಬಂದವರಿಗೆ ಕೋಣೆ ಹಂಚುವವನು ಅವನು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿ. ಒಬ್ಬರ ಗಂಟನ್ನು ಇನ್ನೊಬ್ಬರು ಬಿಚ್ಚದಂತೆ ಕಾಯುವವನೂ ಅವನೇ. ಅತಿಥಿಯೊಬ್ಬ ಕೆಟ್ಟರೆ ಒಂದು ಕೋಣೆ ಕೆಟ್ಟೀತು. ಪಾರುಪತ್ತೇಗಾರನೇ ಮೋಸಹೋದರೆ ಇಡೀ ಛತ್ರ ಪರರ ಪಾಲು. ಅವನು ಮೋಸಹೋಗಲು ಎಡೆಮಾಡಿಕೊಡುವ ದೋಷಗಳನ್ನೇ ತಜ್ಞರು ಭದ್ರತೆಯ ಬಿರುಕುಗಳೆಂದು ಕರೆಯುತ್ತಾರೆ. ಅವುಗಳಿಗೆ ಮಾಡುವ ಪರಿಹಾರಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಪ್ಯಾಚ್. ನಮ್ಮ ಮನೆಮಾತಿನಲ್ಲಿ ತೇಪೆ.

ಈ ತೇಪೆ ಎಂಬ ಮಾತು ಮೊದಲಿಗೆ ಅಲಂಕಾರವಾಗಿರಲಿಲ್ಲ, ವಾಚ್ಯಾರ್ಥದಲ್ಲಿಯೇ ನಿಜವಾಗಿತ್ತು. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲಸಮಾಡತೊಡಗಿದ ಮಾರ್ಕ್ ಒಂದು ಎಂಬ ಭಾರೀ ಯಂತ್ರ, ರಂಧ್ರ ಕೊರೆದ ಕಾಗದದ ಉದ್ದನೆಯ ಪಟ್ಟಿಯಿಂದ ತನ್ನ ಆದೇಶಗಳನ್ನು ಓದಿಕೊಳ್ಳುತ್ತಿತ್ತು. ರಂಧ್ರ ತಪ್ಪಾದ ಕಡೆ ಕಾಗದದ ಚೂರನ್ನು ಅಂಟಿಸಿ ಮುಚ್ಚಬೇಕು, ಬೇಕಾದರೆ ಪಕ್ಕದಲ್ಲಿ ಹೊಸದನ್ನು ಕೊರೆಯಬೇಕು. ಹರಿದ ಪಂಚೆಗೆ ತೇಪೆ ಹಾಕಿದಂತೆಯೇ. ಆ ಕಾಲದ ತಪ್ಪುಗಳು ಲೆಕ್ಕದ ತಪ್ಪುಗಳು, ಕಳ್ಳರ ಭಯವಿರಲಿಲ್ಲ. ಒಂದು ಯಂತ್ರಕ್ಕೆ ಒಂದು ಹೊತ್ತಿನಲ್ಲಿ ಒಬ್ಬನೇ ಒಡೆಯ. ಒಬ್ಬನೇ ಇರುವ ಮನೆಯಲ್ಲಿ ಬೀಗವೇಕೆ?

ಬೀಗ ಬೇಕಾದದ್ದು ಮನೆ ಛತ್ರವಾದಾಗ. 1961ರ ನವೆಂಬರಿನಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಫೆರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು, ಒಂದೇ ಯಂತ್ರವನ್ನು ಏಕಕಾಲದಲ್ಲಿ ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಸಿ.ಟಿ.ಎಸ್.ಎಸ್. ಎಂದು ಅದರ ಹೆಸರು. ಪ್ರತಿಯೊಬ್ಬರ ಕಡತವೂ ಅವರವರಿಗೇ ದಕ್ಕುವಂತೆ ಅಲ್ಲಿ ಪಾಸ್‌ವರ್ಡ್, ಎಂದರೆ ಗುಪ್ತಪದ, ಬಳಕೆಗೆ ಬಂತು. ಎಲ್ಲರ ಗುಪ್ತಪದಗಳೂ ಒಂದು ಕಡತದಲ್ಲಿದ್ದವು. ಇನ್ನೊಂದು ಕಡತದಲ್ಲಿ, ಯಂತ್ರದ ಬಳಿ ಬಂದವರಿಗೆ ಮೊದಲು ತೋರಿಸಬೇಕಾದ ಆ ದಿನದ ಪ್ರಕಟಣೆ. 1966ರ ಒಂದು ಮಧ್ಯಾಹ್ನ ಈ ಎರಡು ಕಡತಗಳೂ ಅದಲುಬದಲಾದವು. ಬಂದಬಂದವರ ಮುಂದೆ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳೂ ಅಚ್ಚಾಗತೊಡಗಿದವು. ವ್ಯವಸ್ಥೆಯನ್ನು ನಿಲ್ಲಿಸಿ ಎಲ್ಲರ ಗುಪ್ತಪದಗಳನ್ನೂ ಬದಲಿಸಬೇಕಾಯಿತು.

ಅಲ್ಲಿ ಕಳ್ಳನಿರಲಿಲ್ಲ ಎಂಬುದೇ ಗಮನಿಸಬೇಕಾದ ಅಂಶ. ಕಡತಗಳನ್ನು ತಿದ್ದುವ ಸಾಧನ, ತಿದ್ದುವ ಅವಧಿಯಲ್ಲಿ ತಾತ್ಕಾಲಿಕ ಪ್ರತಿಯೊಂದನ್ನು ಯಾವಾಗಲೂ ಒಂದೇ ಹೆಸರಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಒಬ್ಬ ನಿರ್ವಾಹಕ ಮಾತ್ರ ಒಂದು ಹೊತ್ತಿನಲ್ಲಿ ತಿದ್ದುತ್ತಾನೆ ಎಂಬ ನಂಬಿಕೆಯಿಂದ ಹಾಗೆ ಮಾಡಲಾಗಿತ್ತು. ಆ ದಿನ ಇಬ್ಬರು ಒಟ್ಟಿಗೆ ತಿದ್ದಿದರು; ಒಬ್ಬರ ಬರಹ ಇನ್ನೊಬ್ಬರ ಕಡತಕ್ಕೆ ಹೋಯಿತು. ಹೀಗೆ ಮೊದಲ ಬಿರುಕುಗಳಲ್ಲೊಂದು ಹುಟ್ಟಿದ್ದು ದುರುದ್ದೇಶದಿಂದಲ್ಲ. ಹೀಗಾಗಲಾರದು ಎಂಬ ಒಂದು ಸಣ್ಣ ಊಹೆಯಿಂದ. ಈ ಕಥೆಯನ್ನು ಲೋಕಕ್ಕೆ ಹೇಳಿದವರು ಬೇರೆ ಯಾರೂ ಅಲ್ಲ, ಕೊರ್ಬಾಟೊ ಅವರೇ. 1990ರ ಟ್ಯೂರಿಂಗ್ ಪ್ರಶಸ್ತಿ ಸಂದಾಗ ಮಾಡಿದ ಭಾಷಣದಲ್ಲಿ ತಮ್ಮ ಸಾಧನೆಯನ್ನು ಬಣ್ಣಿಸುವ ಬದಲು, ದೊಡ್ಡ ವ್ಯವಸ್ಥೆಗಳು ಸೋಲುವುದು ಹೇಗೆ ಎಂಬ ವಿಷಯವನ್ನೆತ್ತಿಕೊಂಡು, ತಮ್ಮ ಮನೆಯ ತಪ್ಪನ್ನೇ ಅವರು ಉದಾಹರಣೆಯಾಗಿ ಹೇಳಿದರು.

ಇನ್ನು ಎರಡನೆಯ ಬಗೆಯ ದೋಷಕ್ಕೆ ಬರೋಣ. ಇದು ಈ ಇತಿಹಾಸದ ಉದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುವ ದೋಷ. ಹಳೆಯ ಕಾಲದ ಖಾತೆಪುಸ್ತಕವೊಂದನ್ನು ಊಹಿಸಿಕೊಳ್ಳಿ. ಬಂದವರು ತಮ್ಮ ಹೆಸರು ಬರೆಯಲು ಅದರಲ್ಲಿ ಇಂತಿಷ್ಟು ಜಾಗವಿದೆ. ಅದರ ಕೆಳಗೆ ಗುಮಾಸ್ತನು, ಈ ಕೆಲಸ ಮುಗಿದ ಮೇಲೆ ಇಂಥ ಪುಟಕ್ಕೆ ಹೋಗಬೇಕು ಎಂದು ತನಗಾಗಿ ಸೂಚನೆ ಬರೆದುಕೊಂಡಿದ್ದಾನೆ. ಬಂದವನು ಕುಟಿಲನಾದರೆ ಹೆಸರನ್ನು ಉದ್ದಕ್ಕೆ ಬರೆಯುತ್ತ ಹೋಗಿ, ತನ್ನ ಜಾಗ ಮೀರಿ, ಗುಮಾಸ್ತನ ಸೂಚನೆಯ ಮೇಲೂ ಬರೆದು, ಅಲ್ಲಿ ತನಗೆ ಬೇಕಾದ ಪುಟದ ಸಂಖ್ಯೆಯನ್ನಿಡುತ್ತಾನೆ. ಗುಮಾಸ್ತನು ಅದನ್ನು ತನ್ನದೇ ಬರಹವೆಂದು ನಂಬಿ ಆ ಪುಟಕ್ಕೆ ಹೋಗುತ್ತಾನೆ. ಅಲ್ಲಿ ಬರೆದದ್ದನ್ನು ಆಜ್ಞೆಯೆಂದು ಪಾಲಿಸುತ್ತಾನೆ. ಎಷ್ಟು ಬರೆದಿದ್ದಾನೆ ಎಂದು ಯಾರೂ ಅಳೆದು ನೋಡಲಿಲ್ಲ, ಅಷ್ಟೇ ತಪ್ಪು. ಇದನ್ನು ತಜ್ಞರು ಬಫರ್ ಓವರ್‌ಫ್ಲೋ ಎನ್ನುತ್ತಾರೆ. ನಾವು ಎಲ್ಲೆ ಮೀರಿದ ಬರಹವೆನ್ನೋಣ.

1972ರ ಅಕ್ಟೋಬರಿನಲ್ಲಿ ಅಮೆರಿಕದ ವಾಯುಪಡೆಗಾಗಿ ಜೇಮ್ಸ್ ಆಂಡರ್‌ಸನ್ ಒಂದು ವರದಿ ಸಿದ್ಧಪಡಿಸಿದರು. ಬಳಕೆದಾರನು ಕೊಟ್ಟ ವಿಳಾಸಗಳನ್ನು ಪರೀಕ್ಷಿಸದೆ ನಕಲು ಮಾಡುವ ವ್ಯವಸ್ಥೆಯಲ್ಲಿ, ಅವನು ಮೇಲ್ವಿಚಾರಕ ಕ್ರಮವಿಧಿಯ ಮೇಲೆಯೇ ತನ್ನ ಬರಹವನ್ನು ಬರೆದು ಯಂತ್ರವನ್ನು ವಶಪಡಿಸಿಕೊಳ್ಳಬಲ್ಲನೆಂದು ಅದರಲ್ಲಿ ಸ್ಪಷ್ಟವಾಗಿ ವಿವರಿಸಿದರು. ರೋಗ ಗೊತ್ತಾಯಿತು. ಮದ್ದೂ ಗೊತ್ತಿತ್ತು: ಅಳೆದು ಬರೆಸಿಕೊಳ್ಳುವುದು. ಆದರೆ ವರದಿ ವರದಿಯಾಗಿ ಉಳಿಯಿತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ಕಂದಕ ಎಷ್ಟು ಅಗಲವೆಂಬುದನ್ನು ತೋರಿಸಲು ಹದಿನಾರು ವರ್ಷಗಳ ಬಳಿಕ ಒಂದು ಹುಳು ಹುಟ್ಟಿಬರಬೇಕಾಯಿತು.

1988ರ ನವೆಂಬರ್ 2ರ ಸಂಜೆ. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದ ರಾಬರ್ಟ್ ಟಪ್ಪನ್ ಮಾರಿಸ್ ಎಂಬ ತರುಣ, ತನ್ನಂತೆ ತಾನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡಿಕೊಳ್ಳುವ ಸಣ್ಣ ಕ್ರಮವಿಧಿಯೊಂದನ್ನು ಅಂತರಜಾಲಕ್ಕೆ ಬಿಟ್ಟ. ಅಂದಿನ ಅಂತರಜಾಲ ಇಂದಿನ ಸಂತೆಯಲ್ಲ, ವಿದ್ವಾಂಸರ ಅಗ್ರಹಾರ. ಒಬ್ಬರನ್ನೊಬ್ಬರು ಬಲ್ಲವರು, ಬಾಗಿಲು ಓರೆಮಾಡಿಕೊಂಡು ಮಲಗುವವರು. ಹುಳು ಒಳಗೆ ನುಗ್ಗಿದ್ದು ಆ ನಂಬಿಕೆಯ ಸಂದುಗಳಿಂದಲೇ. ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಅಂಚೆಯನ್ನು ಸಾಗಿಸುವ ಸೆಂಡ್‌ಮೇಲ್ ಎಂಬ ಕ್ರಮವಿಧಿಯೊಳಗೆ ಪರೀಕ್ಷೆಯ ಅನುಕೂಲಕ್ಕೆಂದು ಇಟ್ಟಿದ್ದ ಹಿಂಬಾಗಿಲೊಂದು ಮುಚ್ಚದೆ ಉಳಿದಿತ್ತು. ಬಳಕೆದಾರರ ವಿವರಗಳನ್ನು ತಿಳಿಸುವ ಫಿಂಗರ್ ಎಂಬ ಸೇವೆ, 512 ಅಕ್ಷರಗಳ ಜಾಗವಿಟ್ಟುಕೊಂಡು, ಬಂದದ್ದನ್ನು ಅಳೆಯದೆ ತುಂಬಿಕೊಳ್ಳುತ್ತಿತ್ತು. ಹುಳು 536 ಅಕ್ಷರಗಳನ್ನು ಕಳುಹಿಸಿತು. ಆಂಡರ್‌ಸನ್ ವಿವರಿಸಿದ್ದ ಎಲ್ಲೆ ಮೀರಿದ ಬರಹವೇ! ಇವೆರಡೂ ಸಾಲದಿದ್ದರೆ, ಜನ ಇಟ್ಟುಕೊಳ್ಳುವ ಸುಲಭದ ಗುಪ್ತಪದಗಳನ್ನು ಊಹಿಸಲು 432 ಪದಗಳ ನಿಘಂಟೊಂದನ್ನು ಅದು ಕಂಕುಳಲ್ಲಿ ಇರಿಸಿಕೊಂಡು ಬಂದಿತ್ತು.

ಹುಳು ಯಾವ ಕಡತವನ್ನೂ ಅಳಿಸಲಿಲ್ಲ. ಆದರೆ ಅದರ ಕರ್ತೃವಿನ ಲೆಕ್ಕವೂ ತಪ್ಪಿತು. ಒಂದು ಯಂತ್ರದಲ್ಲಿ ತನ್ನ ಪ್ರತಿ ಮೊದಲೇ ಇದ್ದರೆ ಹುಳು ಸಾಮಾನ್ಯವಾಗಿ ಹಿಂದೆ ಸರಿಯುತ್ತಿತ್ತು. ಯಾರಾದರೂ ಸುಳ್ಳು ಹೇಳಿ ತಡೆದಾರೆಂಬ ಶಂಕೆಯಿಂದ, ಏಳರಲ್ಲಿ ಒಂದು ಸಲ ಮಾತ್ರ ಆ ಉತ್ತರವನ್ನು ಲೆಕ್ಕಿಸದೆ ನೆಲೆಯೂರುವಂತೆ ಅವನು ಬರೆದಿದ್ದ. ಆ ಏಳರಲ್ಲಿ ಒಂದೇ ಸಾಕಾಯಿತು. ಒಂದೊಂದು ಯಂತ್ರದಲ್ಲೂ ಪ್ರತಿಗಳ ಮೇಲೆ ಪ್ರತಿಗಳು ಕೂಡಿಕೊಂಡು ಯಂತ್ರಗಳು ಏದುಸಿರುಬಿಟ್ಟು ನಿಂತವು. ಸುಮಾರು 6 ಸಾವಿರ ಯಂತ್ರಗಳು ಸಿಕ್ಕಿಬಿದ್ದವೆಂಬುದು ಅಂದು ಪ್ರಚಾರಕ್ಕೆ ಬಂದ ಅಂದಾಜು. ಬರ್ಕ್‌ಲಿಯಲ್ಲಿ, ಮೆಸಾಚುಸೆಟ್ಸ್‌ನಲ್ಲಿ ಬಲ್ಲವರು ರಾತ್ರಿಯೆಲ್ಲ ಎಚ್ಚರವಿದ್ದು ಹುಳುವಿನ ಒಡಲನ್ನು ಬಿಚ್ಚಿ ಓದಿದರು. ಬೆಳಗಾಗುವುದರೊಳಗೆ ಬರ್ಕ್‌ಲಿಯಿಂದ ಮೊದಲ ತೇಪೆ ಹೊರಟಿತು. ಆದರೆ ಅದನ್ನು ಕೊಂಡೊಯ್ಯಬೇಕಾದ ಅಂಚೆಯೇ ರೋಗದ ದಾರಿಯಾಗಿತ್ತು. ಭಯದಿಂದ ಹಲವರು ತಮ್ಮ ಯಂತ್ರವನ್ನು ಜಾಲದಿಂದ ಬಿಡಿಸಿಕೊಂಡುಬಿಟ್ಟಿದ್ದರು. ಮದ್ದು ಮುಟ್ಟುವ ಬಗೆ ಹೇಗೆ?

ಮಾರಿಸ್‌ಗೆ 1990ರಲ್ಲಿ ಶಿಕ್ಷೆಯಾಯಿತು. ಸೆರೆಮನೆಯಲ್ಲ, ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ, 10,050 ಡಾಲರುಗಳ ದಂಡ. ಮುಂದೆ ಅವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕರಾದರು. ಫಿಂಗರ್ ಸೇವೆಯ ದೋಷಕ್ಕೆ ಬೇಕಾಗಿದ್ದ ತಿದ್ದುಪಡಿ ಅತಿ ಚಿಕ್ಕದು. ಅಳೆಯದೆ ಓದುವ 'ಗೆಟ್ಸ್' ಎಂಬ ಆದೇಶದ ಜಾಗದಲ್ಲಿ, ಅಳೆದು ಓದುವ 'ಎಫ್‌ಗೆಟ್ಸ್' ಎಂಬ ಆದೇಶ. ಆದರೆ ಆ ಹಳೆಯ ಆದೇಶವನ್ನು ಸಿ ಎಂಬ ಗಣಕಭಾಷೆಯ ಪ್ರಮಾಣಗ್ರಂಥದಿಂದ ತೆಗೆದುಹಾಕಿದ್ದು ಯಾವಾಗ ಗೊತ್ತೆ? 2011ರಲ್ಲಿ! ಅಪಪ್ರಯೋಗವೊಂದನ್ನು ವ್ಯಾಕರಣದಿಂದ ಹೊರಹಾಕಲು ವೈಯಾಕರಣರು ತೆಗೆದುಕೊಳ್ಳುವ ಕಾಲವನ್ನು ಕುರಿತು ನಾವು ನಗೆಯಾಡುವುದುಂಟು. ಯಂತ್ರದ ಭಾಷೆಗೂ ಆ ಚಾಳಿ ತಪ್ಪಲಿಲ್ಲ.

ಹುಳುವಿನಿಂದ ಒಂದು ಒಳಿತೂ ಆಯಿತು. ಅದೇ ನವೆಂಬರಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಆಪತ್ತುಗಳಿಗೆಂದೇ ಒಂದು ಕೇಂದ್ರ ಸ್ಥಾಪನೆಯಾಯಿತು. ಸರ್ಟ್ ಎಂದು ಅದರ ಹೆಸರು. ಅದರೊಡನೆಯೇ ಒಂದು ಧರ್ಮಸೂಕ್ಷ್ಮವೂ ಮೇಲೆದ್ದಿತು. ಬಿರುಕು ಕಂಡವನು ಏನು ಮಾಡಬೇಕು? ಊರಿಗೆಲ್ಲ ಸಾರಿದರೆ ಕಳ್ಳನೂ ಕೇಳಿಸಿಕೊಳ್ಳುತ್ತಾನೆ. ಯಜಮಾನನ ಕಿವಿಯಲ್ಲಿ ಮಾತ್ರ ಹೇಳಿದರೆ ಅವನು ಹೂಂಗುಟ್ಟಿ ಮಲಗಿಬಿಡುತ್ತಾನೆ. 1993ರಲ್ಲಿ ಆರಂಭವಾದ ಬಗ್‌ಟ್ರಾಕ್ ಎಂಬ ಅಂಚೆಬಳಗದವರು, ಬಹಿರಂಗವಾಗಿ ಸಾರುವುದೇ ಸರಿ, ನಾಚಿಕೆಯಾಗದೆ ಯಾರೂ ರಿಪೇರಿಗೆ ಕೈಹಾಕುವುದಿಲ್ಲ ಎಂದು ವಾದಿಸಿದರು. ಕ್ರಮೇಣ ನಡುದಾರಿಯೊಂದು ರೂಢಿಗೆ ಬಂತು. ಮೊದಲು ತಯಾರಕನಿಗೆ ತಿಳಿಸಿ ತೇಪೆ ಹಾಕಲು ಗಡುವು ಕೊಡಬೇಕು. ಆಮೇಲೆ ಲೋಕಕ್ಕೆ ಹೇಳಬೇಕು. 1999ರಲ್ಲಿ ಮೈಟರ್ ಎಂಬ ಸಂಸ್ಥೆ ಬಿರುಕುಗಳಿಗೆಲ್ಲ ಹೆಸರು, ಸಂಖ್ಯೆ ಕೊಟ್ಟು ಪಟ್ಟಿಮಾಡತೊಡಗಿತು. ಆ ಮೊದಲ ಪಟ್ಟಿಯಲ್ಲಿದ್ದವು 321. ಇಂದು ಒಂದೊಂದು ವರ್ಷಕ್ಕೂ ಹತ್ತಾರು ಸಾವಿರ ಸೇರುತ್ತವೆ. ಹಸ್ತಪ್ರತಿಗಳಿಗೆ ವಿವರಣಾತ್ಮಕ ಸೂಚಿ ಇರುವಂತೆ ತಪ್ಪುಗಳಿಗೂ ಸೂಚಿ!

ಅಷ್ಟರಲ್ಲಿ ಗಣಕಯಂತ್ರ ವಿದ್ವಾಂಸರ ಅಗ್ರಹಾರದಿಂದ ಹೊರಬಂದು ಮನೆಮನೆಗೂ ನಡೆದಿತ್ತು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ವ್ಯವಸ್ಥೆ ಜಗತ್ತನ್ನೆಲ್ಲ ಆವರಿಸಿತ್ತು. 2001ರ ಜೂನ್ 18ರಂದು ಒಂದು ಬಿರುಕಿಗೆ ಕಂಪನಿ ತೇಪೆ ಕೊಟ್ಟಿತು. ಒಂದು ತಿಂಗಳ ನಂತರ, ಜುಲೈ 19ರಂದು, ಅದೇ ಬಿರುಕಿನಿಂದ ಕೋಡ್ ರೆಡ್ ಎಂಬ ಹುಳು ಹದಿನಾಲ್ಕು ಗಂಟೆಗಳೊಳಗೆ 3 ಲಕ್ಷ 59 ಸಾವಿರ ಯಂತ್ರಗಳನ್ನು ಹೊಕ್ಕಿತು. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ಹೊಸ ಸೌಕರ್ಯ ಮತ್ತು ಭದ್ರತೆ ಇವೆರಡರಲ್ಲಿ ಒಂದನ್ನು ಆರಿಸುವ ಸಂದರ್ಭ ಬಂದಾಗ ಭದ್ರತೆಯನ್ನೇ ಆರಿಸಬೇಕೆಂದು ಸೂಚಿಸಿದರು. ಆದರೂ 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ಹೊರಟಿತು. ಅದಕ್ಕೂ ತೇಪೆ ಜುಲೈ 16ರಂದೇ ಸಿದ್ಧವಾಗಿತ್ತು. ಅದೇ ವರ್ಷದ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಒಟ್ಟಿಗೆ ಹಂಚುವ ಪದ್ಧತಿ ಬಂತು. ನಾವು ಮಂಗಳವಾರ ಶುಭಕಾರ್ಯ ಮಾಡುವುದಿಲ್ಲ. ಯಂತ್ರಲೋಕದಲ್ಲಿ ಮಾತ್ರ ಅದು ಶಾಂತಿಯ ವಾರವಾಯಿತು.

ಈ ದಿನಾಂಕಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಹಾವಳಿ ತೇಪೆಗಿಂತ ಮೊದಲು ಬರಲಿಲ್ಲ, ಬಂದದ್ದು ನಂತರ. ತೇಪೆ ಹೊರಟಾಗ ಎಲ್ಲಿ ಹರಿದಿತ್ತು ಎಂಬುದೂ ಬಯಲಾಗುತ್ತದೆ. ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ನಾವು ಪಾಠಾಂತರಗಳನ್ನು ಗುರುತಿಸುವಂತೆ, ಕಳ್ಳನೂ ತಿದ್ದಿದ ಜಾಗವನ್ನು ಗುರುತಿಸಬಲ್ಲ. ತೇಪೆ ಹಾಕಿಸಿಕೊಂಡವರಿಗೆ ಅದು ರಕ್ಷೆ. ಹಾಕಿಸಿಕೊಳ್ಳದವರ ಪಾಲಿಗೆ ಕಳ್ಳನ ಕೈಗೆ ಸಿಕ್ಕ ನಕ್ಷೆ.

ಇದರ ಅತ್ಯಂತ ಕಹಿಯಾದ ಉದಾಹರಣೆ 2017ರದು. ಆ ವರ್ಷದ ಮಾರ್ಚ್ 14ರಂದು ವಿಂಡೋಸಿನ ಒಂದು ಬಿರುಕಿಗೆ ತೇಪೆ ಬಂತು. ಏಪ್ರಿಲ್ 14ರಂದು, ಆ ಬಿರುಕಿನಿಂದ ಒಳನುಗ್ಗುವ ಆಯುಧವೊಂದನ್ನು ಅಜ್ಞಾತರು ಬಹಿರಂಗಕ್ಕೆ ಚೆಲ್ಲಿದರು. ಅದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಕಳುವಾದದ್ದೆಂದು ಮೈಕ್ರೋಸಾಫ್ಟಿನ ಅಧ್ಯಕ್ಷ ಬ್ರಾಡ್ ಸ್ಮಿತ್ ಬಹಿರಂಗವಾಗಿಯೇ ಬರೆದರು. ಬಿರುಕನ್ನು ಕಂಡವರು ತಯಾರಕನಿಗೆ ತಿಳಿಸದೆ, ಎಂದಾದರೂ ಉಪಯೋಗಕ್ಕೆ ಬಂದೀತೆಂದು ಬತ್ತಳಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದರು; ಬತ್ತಳಿಕೆಯೇ ಕಳುವಾಯಿತು. ಮೇ 12ರಂದು ವಾನಾಕ್ರೈ ಎಂಬ ಹುಳು ಆ ಆಯುಧ ಹಿಡಿದು ಹೊರಟಿತು. ಕಡತಗಳಿಗೆಲ್ಲ ಬೀಗ ಜಡಿದು 300 ಡಾಲರು ಒತ್ತೆಹಣ ಕೇಳುವ ಹುಳು ಅದು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದರ ವಶವಾದವು.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಪಾಡು ಓದಿದರೆ ಮನಸ್ಸು ಮುದುಡುತ್ತದೆ. ಇಂಗ್ಲೆಂಡಿನ 236 ಆರೋಗ್ಯ ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ಪೆಟ್ಟು ತಗುಲಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ವರದಿ ಮಾಡಿತು. ರದ್ದಾದ ಭೇಟಿಗಳಲ್ಲಿ ಖಚಿತವಾಗಿ ಲೆಕ್ಕಕ್ಕೆ ಸಿಕ್ಕವು 6,912; ಒಟ್ಟು 19 ಸಾವಿರ ಮೀರಿರಬಹುದೆಂದು ಅಂದಾಜು. ಅವುಗಳಲ್ಲಿ ಶಸ್ತ್ರಚಿಕಿತ್ಸೆಗಳೂ ಇದ್ದವು. ತೇಪೆ ಹಾಕಿಕೊಳ್ಳಿರೆಂಬ ಎಚ್ಚರಿಕೆ ಮಾರ್ಚಿಯಲ್ಲಿ, ಏಪ್ರಿಲಿನಲ್ಲಿ ಹೋಗಿತ್ತು. ಹಾಕಿಕೊಂಡಿರಲಿಲ್ಲ. ಸೋಮಾರಿತನವೆಂದು ಬೈದುಬಿಡುವುದು ಸುಲಭ. ಆದರೆ ಹಗಲಿರುಳು ರೋಗಿಗಳಿರುವ ಕಡೆ ಯಂತ್ರವನ್ನು ನಿಲ್ಲಿಸಿ ರಿಪೇರಿ ಮಾಡಲು ಹೊತ್ತು ಹುಡುಕುವುದು ಕಷ್ಟ; ಚಿತ್ರ ತೆಗೆಯುವ ದುಬಾರಿ ಉಪಕರಣ ಹಳೆಯ ವ್ಯವಸ್ಥೆಯೊಡನೆ ಮಾತ್ರ ಕೆಲಸಮಾಡಬಹುದು; ತೇಪೆಯಿಂದಲೇ ಏನಾದರೂ ಕೆಟ್ಟರೆ ಎಂಬ ಅಂಜಿಕೆ ಬೇರೆ. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾಗಿಲು ಮಾಡಿಸಿ ತಂದು ಗೋಡೆಗೆ ಒರಗಿಸಿಟ್ಟಿತ್ತು, ಕೂರಿಸುವವರಿಗೆ ಬಿಡುವಿರಲಿಲ್ಲ. ಕೊನೆಗೆ ಹುಳುವನ್ನು ತಡೆದದ್ದು ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲಿಷ್ ತರುಣ. ಹುಳು ಹೆಜ್ಜೆಹೆಜ್ಜೆಗೂ ಅಂತರಜಾಲದ ಯಾವುದೋ ಅರ್ಥವಿಲ್ಲದ ವಿಳಾಸವನ್ನು ಹುಡುಕುತ್ತಿತ್ತು. ಯಾರದೂ ಅಲ್ಲದ ಆ ವಿಳಾಸವನ್ನು ಆತ ಸುಮಾರು ಹನ್ನೊಂದು ಡಾಲರು ತೆತ್ತು ತನ್ನ ಹೆಸರಿಗೆ ನೋಂದಾಯಿಸಿದ. ವಿಳಾಸ ಓಗೊಟ್ಟೊಡನೆ ಹುಳು ನಿಂತಿತು.

ತೇಪೆಯಿಂದಲೇ ಕೆಟ್ಟರೆ ಎಂಬ ಅಂಜಿಕೆ ಬರಿಯ ನೆಪವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಕಾವಲು ಕ್ರಮವಿಧಿಗೆ ಒಂದು ಸಣ್ಣ ತಿದ್ದುಪಡಿಯನ್ನು ಎಲ್ಲರಿಗೂ ಒಮ್ಮೆಲೇ ಕಳುಹಿಸಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟು ವಿಮಾನ ಹತ್ತಿಸಿದ್ದು ಹಲವರಿಗೆ ನೆನಪಿರಬಹುದು. ಬೇಲಿಯೇ ಎದ್ದು ಹೊಲ ಮೇಯಿತು. ಕಾರಣವೇನೆಂದು ನೋಡಿದರೆ ಹಳೆಯ ಪರಿಚಯದ ಮುಖವೇ! ಇಪ್ಪತ್ತು ಅಂಶಗಳಿರುವ ಕಡೆ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಕ್ರಮವಿಧಿ ಎಲ್ಲೆ ಮೀರಿತ್ತು. 1972ರ ದೋಷದ ದಾಯಾದಿ. ಕಂಪನಿ ತನ್ನ ತಪ್ಪಿನ ವಿವರವನ್ನೆಲ್ಲ ಮರುತಿಂಗಳೇ ಪ್ರಕಟಿಸಿತು. ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವುದಾಗಿ ಹೇಳಿತು. ಒಪ್ಪಿಕೊಂಡದ್ದರಿಂದ ನಷ್ಟ ಹಿಂದಿರುಗಲಿಲ್ಲ, ನಿಜ. ಆದರೆ ಅದೇ ಕೆಲಸ ಮಾಡುವ ಇತರರು ಆ ವಿವರವನ್ನು ಓದಿ ಕಲಿಯುವಂತಾಯಿತು.

ಹಾಗಾದರೆ ನಂಬುವುದು ಯಾರನ್ನು? ಯೂನಿಕ್ಸ್ ವ್ಯವಸ್ಥೆಯ ಕರ್ತೃಗಳಲ್ಲೊಬ್ಬರಾದ ಕೆನ್ ಥಾಮ್ಸನ್ ಈ ಪ್ರಶ್ನೆಯನ್ನು 1984ರಲ್ಲಿಯೇ ಕೇಳಿದ್ದರು. ಮನುಷ್ಯನು ಬರೆದ ಕ್ರಮವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವ ಅನುವಾದಕ ಸಾಧನದೊಳಗೇ ಒಂದು ಕಳ್ಳಬಾಗಿಲನ್ನು ಅಡಗಿಸಿಟ್ಟರೆ, ಮೂಲಬರಹವನ್ನು ಎಷ್ಟು ತಿರುವಿಹಾಕಿದರೂ ಅದು ಕಾಣದೆಂದು ಅವರು ತೋರಿಸಿಕೊಟ್ಟರು. ಬರಹವನ್ನು ನಂಬುವುದಕ್ಕಿಂತ ಬರೆದವರನ್ನು ನಂಬಬಹುದೇ ಎಂದು ಕೇಳುವುದೇ ಮುಖ್ಯವೆಂಬುದು ಅವರ ಮಾತಿನ ಸಾರ. 2024ರ ಮಾರ್ಚಿಯಲ್ಲಿ ಆ ಮಾತು ನಿಜವಾಯಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಎಕ್ಸ್‌ಜಡ್ ಎಂಬ ಸಣ್ಣ ಉಪಕರಣದ ಪಾಲಕನ ವಿಶ್ವಾಸವನ್ನು ಎರಡು ವರ್ಷಕ್ಕೂ ಮಿಕ್ಕು ದುಡಿದು ಗಳಿಸಿಕೊಂಡ ಅಜ್ಞಾತ ವ್ಯಕ್ತಿ, ಅದರೊಳಗೆ ಕಳ್ಳಬಾಗಿಲನ್ನಿಟ್ಟ. ಅದನ್ನು ಪತ್ತೆಮಾಡಿದ್ದು ಯಾವ ಕಾವಲುಪಡೆಯೂ ಅಲ್ಲ. ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೇಸರಪಟ್ಟು, ಕಾರಣ ಹುಡುಕಿಹೋದ ಆಂಡ್ರೆಸ್ ಫ್ರೊಯಿಂಡ್ ಎಂಬ ಒಬ್ಬ ತಾಳ್ಮೆಯ ಕೆಲಸಗಾರ. ಕಂಡೊಡನೆ ಅವರು ಅದನ್ನು ಲೋಕಕ್ಕೆ ತಿಳಿಸಿದರು.

ಈ ಇತಿಹಾಸದಿಂದ ನಾನು ಕಲಿತದ್ದಿಷ್ಟು. ಹರಕಿಲ್ಲದ ಬಟ್ಟೆಯನ್ನು ಯಾರೂ ನೇಯಲಿಲ್ಲ, ಮುಂದೆಯೂ ನೇಯಲಾರರು. ಅನರ್ಥ ಹುಟ್ಟುವುದು ಹರಕಿನಿಂದಲ್ಲ, ಹರಕು ಕಂಡ ಗಳಿಗೆಗೂ ಹೊಲಿದ ಗಳಿಗೆಗೂ ನಡುವಿನ ಅವಧಿಯಿಂದ. ಆ ಅವಧಿಯನ್ನು ಹಿಗ್ಗಿಸುವವರು ಮೂವರು: ತಪ್ಪನ್ನು ಒಪ್ಪದ ತಯಾರಕ, ಗೊತ್ತಿದ್ದೂ ಬಚ್ಚಿಡುವ ಬಲಶಾಲಿ, ನಾಳೆ ನೋಡೋಣವೆನ್ನುವ ನಮ್ಮಂಥವರು. ಕುಗ್ಗಿಸುವವರು, ಕೊರ್ಬಾಟೊ ಅವರಂತೆ ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವವರು. ಅರ್ಧ ಸೆಕೆಂಡಿನ ವಿಳಂಬವನ್ನೂ ಹೋಗಲಿಬಿಡು ಎನ್ನದವರು. ಮೊದಲ ಮೂವರಲ್ಲಿ ಮೂರನೆಯವರನ್ನು ತಿದ್ದುವುದಂತೂ ನಮ್ಮ ಕೈಯಲ್ಲಿಯೇ ಇದೆ. ನಮ್ಮ ಫೋನು, ಗಣಕಯಂತ್ರಗಳ ತೆರೆಯ ಮೇಲೆ ಹೊಸ ತಿದ್ದುಪಡಿ ಬಂದಿದೆ ಎಂಬ ಸೂಚನೆ ಮೂಡಿದಾಗ ನಾವು ಕಿರಿಕಿರಿಯಿಂದ ಅದನ್ನು ಪಕ್ಕಕ್ಕೆ ಸರಿಸುತ್ತೇವೆ. ಅದು ಎಲ್ಲೋ ದೂರದಲ್ಲಿ ಕುಳಿತ ಪ್ರತಿಕಾರನೊಬ್ಬನ ಕೊನೆಯ ಗರಿ. ಬರೆಯುವಾಗ ತಪ್ಪಾಗಿತ್ತು, ತಿದ್ದಿಕೊಳ್ಳಿ ಎಂದು ಅವನು ಹೇಳುತ್ತಿದ್ದಾನೆ. ತಪ್ಪೊಪ್ಪಿಕೊಂಡು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸುವುದು ಲೇಸಲ್ಲ.

(ಬಾನುಲಿ ಭಾಷಣದ ಬರಹರೂಪ)